ಕರೆಂಟಿನ ಬಗ್ಗೆ ಜನರನ್ನು ಯಾವಾಗ ಕೇಳಬೇಕು?



ಹವಾಮಾನ ಬದಲಾವಣೆ ಮತ್ತು ಇಂಧನ ನೀತಿಯ ಬಗ್ಗೆ ಜನಾಭಿಪ್ರಾಯ ಎಂಬುದು ಇವತ್ತು ನನಗೆ ಕೊಟ್ಟಿರುವ ವಿಷಯ. ಜನಾಭಿಪ್ರಾಯ ಅಂದ ಕೂಡಲೇ ನಮಗೆ ನೆನಪಾಗುವುದು ಸಮೀಕ್ಷೆ. ಅಲ್ಲಿಂದಲೇ ಶುರು ಮಾಡುತ್ತೇನೆ, ಆದರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ನಮ್ಮ ಸಿ-ವೋಟರ್ ಸಂಸ್ಥೆಯ ಜೊತೆ ಸೇರಿ 2021ರ ಕೊನೆಯಿಂದ 2022ರ ಜನವರಿವರೆಗೆ ದೇಶದ 4,619 ವಯಸ್ಕರನ್ನು ಮಾತಾಡಿಸಿದರು. ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ಎಷ್ಟು ಗೊತ್ತು ಅಂತ ಕೇಳಿದರೆ ಶೇ 54 ಮಂದಿ ಅಲ್ಪಸ್ವಲ್ಪ ಗೊತ್ತು, ಇಲ್ಲವೇ ಕೇಳಿಯೇ ಇಲ್ಲ ಅಂದರು. ಆಮೇಲೆ ಅದೇನೆಂದು ಚುಟುಕಾಗಿ ವಿವರಿಸಿ ಕೇಳಿದಾಗ ಶೇ 84 ಮಂದಿ, ಹೌದು, ಇದು ನಡೆಯುತ್ತಿದೆ ಅಂದರು. ಶೇ 81 ಮಂದಿ ತಮಗೆ ಈ ಬಗ್ಗೆ ಚಿಂತೆ ಇದೆ ಅಂದರು. ಓದುಬರಹ ಇಲ್ಲದವರಿಗೆ ಇವೆಲ್ಲ ಏನು ತಿಳಿಯುತ್ತದೆ ಎನ್ನುವವರಿಗೆ ಈ ಅಂಕಿಗಳೇ ಉತ್ತರ. ಮಳೆ ಹಿಂದುಮುಂದಾಗಿದೆ, ಬಾವಿ ಬತ್ತಿದೆ, ಹೂ ಬಿಡುವ ಕಾಲ ಸರಿದಿದೆ ಎಂಬುದನ್ನು ಕಂಡವರಿಗೆ ವಿಷಯ ಮೊದಲೇ ಗೊತ್ತಿತ್ತು. ಕೇಳುವ ರೀತಿಯಲ್ಲಿ ಕೇಳಿರಲಿಲ್ಲ, ಅಷ್ಟೇ.

ಸಮೀಕ್ಷೆಯ ಮಿತಿಯೂ ಇಲ್ಲೇ ಇದೆ. ಚಿಂತೆ ಇದೆಯೇ ಅಂತ ಕೇಳುವುದು ಸುಲಭ, ಹೌದು ಅನ್ನುವುದು ಇನ್ನೂ ಸುಲಭ. ಕರೆಂಟು ಎಲ್ಲಿಂದ ಬರಬೇಕು, ಯಾರ ಹೊಲದ ಮೇಲೆ, ಯಾರ ಕಾಡಿನ ಒಳಗೆ, ಯಾವ ಹೊತ್ತಿಗೆ, ಯಾರಿಗೆ ಮೊದಲು ಎಂಬ ಪ್ರಶ್ನೆ ಬಂದಾಗಲೇ ಜನರ ನಿಜವಾದ ಅಭಿಪ್ರಾಯ ಹೊರಬರುತ್ತದೆ. ಅಂಥ ಅಭಿಪ್ರಾಯ ನಮ್ಮ ರಾಜ್ಯದಲ್ಲಿ ಹೇರಳವಾಗಿದೆ. ಅದನ್ನು ಕೇಳುವ ಸಮಯ ಮಾತ್ರ ತಪ್ಪಿದೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಮೂರು ಊರುಗಳ ಕಡೆ ನಿಮ್ಮನ್ನು ಕರೆದೊಯ್ದು ಇದನ್ನು ತೋರಿಸುತ್ತೇನೆ.

ಮೊದಲನೆಯದು ವಿಜಯಪುರ ಜಿಲ್ಲೆಯ ರೋಣಿಹಾಳ. 2023ರ ಬರ ನಿಮಗೆ ನೆನಪಿರಬೇಕು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ ವರ್ಷ ಅದು. ಮಳೆ ಕೈಕೊಟ್ಟಾಗ ಎರಡು ಸಂಕಟ ಒಟ್ಟಿಗೇ ಬರುತ್ತವೆ. ಜಲಾಶಯ ತುಂಬದೆ ಜಲವಿದ್ಯುತ್ ಕುಸಿಯುತ್ತದೆ. ಮಳೆಗಾಲದಲ್ಲಿ ಸುಮ್ಮನಿರಬೇಕಾದ ಪಂಪ್‌ಸೆಟ್‌ಗಳೆಲ್ಲ ಒಮ್ಮೆಲೇ ಚಾಲೂ ಆಗುತ್ತವೆ. ಹವಾಮಾನವೂ ವಿದ್ಯುತ್ತೂ ಒಂದೇ ಹಗ್ಗದ ಎರಡು ಎಳೆಗಳೆಂದು ಆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಎಲ್ಲರಿಗೂ ಮನವರಿಕೆಯಾಯಿತು. ಹಳ್ಳಿಗಳಲ್ಲಿ ತ್ರೀಫೇಸ್ ಕರೆಂಟು ಬರುವುದೇ ರಾತ್ರಿ ಪಾಳಿಯಲ್ಲಿ ಎಂಬಂತಾಯಿತು. ಅಂಥ ಒಂದು ರಾತ್ರಿ ನೀರು ಹಾಯಿಸಲು ಹೋದ ರೋಣಿಹಾಳದ ರೈತರಿಗೆ ಹೊಲದಲ್ಲಿ ಮೊಸಳೆ ಎದುರಾಯಿತು. ಅದನ್ನು ಹಿಡಿದು, ಹಗ್ಗದಲ್ಲಿ ಬಿಗಿದು, ಗಾಡಿಗೆ ಹಾಕಿಕೊಂಡು ನೇರವಾಗಿ ವಿದ್ಯುತ್ ಸರಬರಾಜು ಕಂಪನಿ ಹೆಸ್ಕಾಂನ ಉಪಕೇಂದ್ರಕ್ಕೆ ತಂದರು. ನಮಗೆ ಹಗಲು ಹೊತ್ತು ಕರೆಂಟು ಕೊಡಿ, ರಾತ್ರಿ ಹೊಲದಲ್ಲಿ ಜೀವ ಹೋದರೆ ಯಾರು ಹೊಣೆ ಎಂಬುದು ಅವರ ಪ್ರಶ್ನೆ.

ಪತ್ರಿಕೆ, ಟಿವಿಗಳಲ್ಲಿ ಈ ಸುದ್ದಿ ವಿಚಿತ್ರವೆಂಬಂತೆ ಬಂತು. ನಾನು ಅದನ್ನು ಇಂಧನ ನೀತಿಯ ಬಗ್ಗೆ ರೈತರು ಕೊಟ್ಟ ಸ್ಪಷ್ಟ ಹೇಳಿಕೆ ಎಂದೇ ಓದುತ್ತೇನೆ. ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ಬದುವಿನ ಮೇಲೆ ನಡೆದು ಸ್ಟಾರ್ಟರ್ ಒತ್ತುವ ಕಷ್ಟ ಉಂಡವರಿಗೇ ಗೊತ್ತು. ಹಾವಿನ ಭಯ, ಕೆಲವು ಕಡೆ ಚಿರತೆಯ ಭಯ, ಮಲೆನಾಡಿನ ಅಂಚಿನಲ್ಲಿ ಆನೆಯ ಭಯ. ಆ ಭಯಕ್ಕೇ ಎಷ್ಟೋ ಜನ ಆಟೋ ಸ್ಟಾರ್ಟರ್ ಹಾಕಿಸಿಕೊಂಡಿದ್ದಾರೆ. ಕರೆಂಟು ಬಂದಾಗ ಮೋಟಾರು ತಾನೇ ಓಡುತ್ತದೆ, ಹೋದಾಗ ನಿಲ್ಲುತ್ತದೆ, ನಡುವೆ ನೀರು ಎಲ್ಲಿಗೆ ಹರಿಯಿತು ಎಂದು ನೋಡುವವರಿಲ್ಲ. ಅಂತರ್ಜಲವೂ ಹಾಳು, ವಿದ್ಯುತ್ತೂ ಹಾಳು. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಕೃಷಿ ಪಂಪ್‌ಸೆಟ್‌ಗಳಿವೆ. ನಾವು ಬಳಸುವ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ಅವುಗಳಿಗೆ ಹೋಗುತ್ತದೆ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಉಚಿತ ಬೇಕೋ ಬೇಡವೋ ಎಂಬ ಚರ್ಚೆ ಪ್ರತಿ ಚುನಾವಣೆಯಲ್ಲೂ ನಡೆಯುತ್ತದೆ. ಯಾವ ಹೊತ್ತಿಗೆ ಬೇಕು ಎಂದು ರೈತರನ್ನು ಕೂರಿಸಿ ಕೇಳಿದವರು ಅಪರೂಪ. ಕೇಳಿದ್ದರೆ ರೋಣಿಹಾಳದವರು ಹೇಳಿದ್ದನ್ನೇ ಎಲ್ಲರೂ ಹೇಳುತ್ತಿದ್ದರು: ಬಿಸಿಲಿರುವ ಹೊತ್ತಿನಲ್ಲಿ ಕೊಡಿ. ಬಿಸಿಲಿರುವ ಹೊತ್ತು, ನೆನಪಿಟ್ಟುಕೊಳ್ಳಿ.

ಎರಡನೆಯದು ಪಾವಗಡ. ತುಮಕೂರು ಜಿಲ್ಲೆಯ ಈ ಗಡಿ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಎದ್ದಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣಗೊಂಡಿತು. ಇಲ್ಲಿ ಸರ್ಕಾರ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ, ಗುತ್ತಿಗೆಗೆ ತೆಗೆದುಕೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಕಡಲೆಕಾಯಿ ಬಿತ್ತಿ ಆಕಾಶ ನೋಡುತ್ತ ಕೂತು, ಸಾಲ ಮಾಡಿ, ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ಸೀಮೆ ಅದು. ಪ್ರತಿ ವರ್ಷ ತಪ್ಪದೆ ಬರುವ ಬಾಡಿಗೆ ಅಲ್ಲಿನ ಭೂಮಾಲೀಕರಿಗೆ ಸಣ್ಣ ವಿಷಯವಲ್ಲ. ಭೂಮಿ ಹೆಸರಿನಲ್ಲೇ ಉಳಿಸಿ ಬಾಡಿಗೆ ಕೊಡುವ ಈ ಮಾದರಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅಣೆಕಟ್ಟುಗಳ ಕಾಲದಲ್ಲಿ ಇಷ್ಟು ನ್ಯಾಯ ಸಿಕ್ಕಿದ್ದರೆ ಎಷ್ಟೋ ಕುಟುಂಬಗಳ ಕಥೆ ಬೇರೆಯಾಗುತ್ತಿತ್ತು.

ಆದರೆ ಬಾಡಿಗೆ ಸಿಗುವುದು ಪಹಣಿ ಇದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಹೆಂಗಸರಿಗೆ ಏನು ಸಿಕ್ಕಿತು? ಬೀಳು ಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವರಿಗೆ? ತಲೆಮಾರುಗಳಿಂದ ಉಳುತ್ತಿದ್ದರೂ ಕಾಗದಪತ್ರ ಇಲ್ಲದ ದಲಿತ ಕುಟುಂಬಗಳಿಗೆ? ತಂತಿಬೇಲಿ ಬಂದ ಮೇಲೆ ಕುರಿಗಳು ಸುತ್ತುಬಳಸಿ ಹೋಗಬೇಕಾಯಿತು, ಎಷ್ಟೋ ಮಂದಿ ಕುರಿಗಳನ್ನೇ ಮಾರಿದರು. ಕೆಲವರಿಗೆ ಫಲಕಗಳ ನಡುವಿನ ಹುಲ್ಲು ಕೊಯ್ಯುವ, ಫಲಕ ತೊಳೆಯುವ, ಕಾವಲು ಕಾಯುವ ಕೆಲಸ ಸಿಕ್ಕಿತು, ಎಲ್ಲರಿಗೂ ಸಿಗಲಿಲ್ಲ. ಒಂದೇ ಊರಿನಲ್ಲಿ ಸೋಲಾರ್ ಬಂದು ಬದುಕಿದೆವು ಎನ್ನುವವರೂ ಇದ್ದಾರೆ, ಬಂದು ಕೆಟ್ಟೆವು ಎನ್ನುವವರೂ ಇದ್ದಾರೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ.

ಈ ಎರಡನೆಯವರ ಮಾತು ದಾಖಲಾಗುವ ಜಾಗವೇ ಇರಲಿಲ್ಲ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ವ್ಯಾಪ್ತಿಗೆ ಸೋಲಾರ್ ಯೋಜನೆಗಳು ಬರುವುದಿಲ್ಲ. ಹಾಗಾಗಿ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಲ್ಲ. ಹೊಗೆ ಇಲ್ಲ, ಬೂದಿ ಇಲ್ಲ, ಮತ್ತೇಕೆ ಸಭೆ ಎಂಬುದು ಸರ್ಕಾರದ ತರ್ಕ. ಹೊಗೆ ಇಲ್ಲದಿದ್ದರೂ 13,000 ಎಕರೆಯ ಬದುಕು ಬದಲಾಗುತ್ತದೆ. ಅಲ್ಲಿನವರನ್ನು ಮೊದಲೇ ಕೇಳಿದ್ದರೆ ಬಾಡಿಗೆಯ ಒಂದು ಸಣ್ಣ ಪಾಲನ್ನು ಭೂಮಿ ಇಲ್ಲದವರಿಗೆ ಮೀಸಲಿಡಲು, ಕುರಿಗಳಿಗೆ ದಾರಿ ಬಿಡಲು ಸಾಧ್ಯವಿತ್ತು. ಅದು ದೊಡ್ಡ ಖರ್ಚೂ ಅಲ್ಲ.

ಮೂರನೆಯದು ಶರಾವತಿ ಕಣಿವೆ. ತಲಕಳಲೆ ಜಲಾಶಯ ಮೇಲೆ, ಗೇರುಸೊಪ್ಪ ಜಲಾಶಯ ಕೆಳಗೆ. ಇವೆರಡರ ನಡುವೆ ನೆಲದೊಳಗೆ ಸುರಂಗ ಕೊರೆದು 2,000 ಮೆಗಾವಾಟ್ ಸಾಮರ್ಥ್ಯದ ಭೂಗತ ವಿದ್ಯುದಾಗಾರ ಕಟ್ಟುವುದು ಕರ್ನಾಟಕ ವಿದ್ಯುತ್ ನಿಗಮದ ಯೋಜನೆ. ಹೆಸರು ಪಂಪ್ಡ್ ಸ್ಟೋರೇಜ್. ಕರೆಂಟು ಹೆಚ್ಚಿದ್ದಾಗ ಕೆಳಗಿನ ನೀರನ್ನು ಮೇಲಕ್ಕೆತ್ತುವುದು, ಸಂಜೆ ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು. ಎತ್ತಲು 100 ಯೂನಿಟ್ ಖರ್ಚಾದರೆ ಮರಳಿ ಸಿಗುವುದು ಹೆಚ್ಚುಕಡಿಮೆ 75ರಿಂದ 80 ಯೂನಿಟ್. ಅಂದರೆ ಇದು ಹೊಸ ವಿದ್ಯುತ್ ಹುಟ್ಟಿಸುವುದಿಲ್ಲ, ಇದ್ದದ್ದನ್ನು ಸ್ವಲ್ಪ ಕಳೆದುಕೊಂಡು ಕೂಡಿಡುತ್ತದೆ. ಜಾಗ ಮಾತ್ರ ಸಿಂಗಳೀಕಗಳ ಅಭಯಾರಣ್ಯ.

ಇಲ್ಲಿ ಕಾನೂನಿನ ಪ್ರಕಾರ ಅಹವಾಲು ಸಭೆ ನಡೆಯಲೇಬೇಕಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಸಾಗರ ಮತ್ತು ಹೊನ್ನಾವರ ಎರಡೂ ತಾಲ್ಲೂಕುಗಳಲ್ಲಿ ನಡೆಯಿತು. ಜನ ಸಾಲುಗಟ್ಟಿ ಬಂದರು. ಮಾತಾಡಿದವರಲ್ಲಿ ಬಹುಪಾಲು ಮಂದಿ ಯೋಜನೆ ಬೇಡ ಅಂದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆಮಠ ಮುಳುಗಿಸಿಕೊಂಡವರ ಮಕ್ಕಳು, ಮೊಮ್ಮಕ್ಕಳು ಈಗಲೂ ಭೂಮಿಯ ಹಕ್ಕಿಗಾಗಿ ಕಚೇರಿ ಅಲೆಯುತ್ತಿರುವ ಸೀಮೆ ಇದು. ನಾಡಿಗೆ ಬೆಳಕು ಕೊಟ್ಟವರು ಎಂಬ ಹೊಗಳಿಕೆ ಅವರಿಗೆ ಸಾಕುಸಾಕಾಗಿದೆ.

ಅಹವಾಲು ಸಭೆಯ ನಿಯಮಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಜಿಲ್ಲಾಧಿಕಾರಿ ಅಥವಾ ಅವರು ನೇಮಿಸಿದ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. ಎಲ್ಲವನ್ನೂ ವಿಡಿಯೊ ಮಾಡಬೇಕು. ಕೊನೆಗೆ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಇವೆಲ್ಲ ಒಳ್ಳೆಯವೇ. ಆದರೆ ಪರಿಸರ ಪರಿಣಾಮದ ನೂರಾರು ಪುಟಗಳ ಪೂರ್ತಿ ವರದಿ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿ ಸಿಗುವುದು ಸಾರಾಂಶ. ಸಭೆಗೆ ಇಷ್ಟು ಜನ ಬರಲೇಬೇಕೆಂದಿಲ್ಲ, ಮತ ಹಾಕುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆ ಹೊತ್ತಿಗೆ ಯೋಜನೆ ಯಾವುದು, ಜಾಗ ಎಲ್ಲಿ, ಎಷ್ಟು ಮೆಗಾವಾಟ್ ಎಂಬುದೆಲ್ಲ ತೀರ್ಮಾನವಾಗಿಬಿಟ್ಟಿರುತ್ತದೆ. ಜನರ ಪಾಲಿಗೆ ಉಳಿಯುವುದು ಬೇಕು, ಬೇಡ ಎಂಬ ಎರಡೇ ಮಾತು. ಅಲ್ಲಿ ಬೇಡ ಅಂದವರನ್ನು ಅಭಿವೃದ್ಧಿಯ ವಿರೋಧಿಗಳು, ಹವಾಮಾನದ ಕಾಳಜಿ ಇಲ್ಲದವರು ಅಂತ ಕರೆಯುವುದು ಘೋರ ಅನ್ಯಾಯ.

ಈಗ ಮೂರು ಊರುಗಳನ್ನೂ ಒಟ್ಟಿಗಿಟ್ಟು ನೋಡಿ. ಪಾವಗಡದಂಥ ಕಡೆ ಮಧ್ಯಾಹ್ನ ಹೇರಳವಾಗಿ ಸೌರವಿದ್ಯುತ್ ಹುಟ್ಟುತ್ತದೆ. ಅದನ್ನು ಸಂಜೆಗೆ ಕೂಡಿಡಬೇಕು ಎಂಬ ಕಾರಣಕ್ಕೆ ಶರಾವತಿ ಕಣಿವೆಯನ್ನು ಕೊರೆಯಲು ಹೊರಟಿದ್ದೇವೆ. ಇತ್ತ ರೋಣಿಹಾಳದವರು ಅದೇ ಮಧ್ಯಾಹ್ನದ ಕರೆಂಟನ್ನು ನಮಗೆ ಕೊಡಿ ಎಂದು ಮೊಸಳೆ ಹೊತ್ತು ತಂದು ಕೇಳಿದ್ದಾರೆ. ರಾಜ್ಯದ ವಿದ್ಯುತ್ತಿನ ಮೂರನೇ ಒಂದು ಪಾಲು ಬಳಸುವ ಪಂಪ್‌ಸೆಟ್‌ಗಳು ಪೂರ್ತಿಯಾಗಿ ಹಗಲಿಗೆ ಬಂದರೆ ಕೂಡಿಡಬೇಕಾದ ವಿದ್ಯುತ್ ಅಷ್ಟು ಕಡಿಮೆಯಾಗುತ್ತದೆ, ರಾತ್ರಿಯ ಹೊರೆಯೂ ಇಳಿಯುತ್ತದೆ. ಕೇಂದ್ರದ ಕುಸುಮ್ ಯೋಜನೆಯಡಿ ಉಪಕೇಂದ್ರಗಳ ಪಕ್ಕದಲ್ಲೇ ಸಣ್ಣ ಸೌರಘಟಕ ಹಾಕಿ ಕೃಷಿ ಫೀಡರ್‌ಗಳಿಗೆ ಹಗಲು ವಿದ್ಯುತ್ ಕೊಡುವ ಕೆಲಸ ರಾಜ್ಯದಲ್ಲಿ ಶುರುವಾಗಿದೆ. ನನ್ನ ಮಟ್ಟಿಗೆ ಅದು ಶರಾವತಿಗಿಂತ ಮೊದಲು ಮುಗಿಯಬೇಕಾದ ಕೆಲಸ. ಸಂಜೆ ಏಳು ಗಂಟೆಗೆ ನಗರಗಳಲ್ಲಿ ಏರುವ ಬೇಡಿಕೆಗೆ ಸಂಗ್ರಹ ಬೇಕೇ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಎಷ್ಟು ಬೇಕು, ಬ್ಯಾಟರಿಯಲ್ಲೋ ನೀರಿನಲ್ಲೋ, ಕಾಡಿನಲ್ಲೋ ಕಾಡಿಲ್ಲದ ಗುಡ್ಡದಲ್ಲೋ ಎಂಬ ಲೆಕ್ಕವನ್ನು ಈ ಮೂರೂ ಕಡೆಯ ಜನರ ಮುಂದಿಟ್ಟು ಮಾಡಬೇಕಿತ್ತು. ಮೂರು ಕಡೆಯವರು ಬೇರೆ ಬೇರೆ ಕಚೇರಿಗಳ ಮುಂದೆ, ಬೇರೆ ಬೇರೆ ದಿನ, ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ ಎಂಬುದನ್ನು ಯಾರೂ ಗಮನಿಸಿಲ್ಲ.

ಹಾಗೆ ಮೊದಲೇ ಕೂತು ಲೆಕ್ಕ ಮಾಡುವುದು ಆಗದ ಕೆಲಸವೇ? ನಮ್ಮಲ್ಲೇ ಆಗಿದೆ. ಉತ್ತರ ಕನ್ನಡದ ಬೇಡ್ತಿ ಜಲವಿದ್ಯುತ್ ಯೋಜನೆಯ ಬಗ್ಗೆ 1981ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರ ಸಂಘದ ಮುಂದಾಳ್ತನದಲ್ಲಿ ವಿಚಾರಸಂಕಿರಣ ನಡೆಯಿತು. ಅಡಿಕೆ ಬೆಳೆಗಾರರು, ವಿಜ್ಞಾನಿಗಳು, ಎಂಜಿನಿಯರುಗಳು ಒಂದೇ ಕೋಣೆಯಲ್ಲಿ ಕೂತು ಯೋಜನೆಯ ಲಾಭನಷ್ಟ ತೂಗಿದರು. ಮುಳುಗುವ ತೋಟದ ಬೆಲೆ, ಕಾಡಿನ ಬೆಲೆ, ಮೆಣಸಿನ ಬೆಲೆ ಎಲ್ಲವೂ ಚರ್ಚೆಗೆ ಬಂದವು. ಯೋಜನೆ ಕೈಬಿಡಲಾಯಿತು. ಅಹವಾಲು ಸಭೆ ಎಂಬುದು ಕಾನೂನಿನಲ್ಲಿ ಇಲ್ಲದ ಕಾಲದಲ್ಲಿ ಅಡಿಕೆ ತೋಟದವರು ಸಾಧಿಸಿದ್ದು ಇದು. ಅದೇ ಜಿಲ್ಲೆಯ ಕೈಗಾದಲ್ಲಿ ಹೀಗಾಗಲಿಲ್ಲ. ಡಾ. ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರ ಲೋಕಸಭಾ ಚುನಾವಣೆಗೇ ನಿಂತರು, ಸೋತರು. ಆ ಸೋಲನ್ನು ಜನರು ಅಣುವಿದ್ಯುತ್ತನ್ನು ಒಪ್ಪಿದರು ಎಂದು ಓದುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚುನಾವಣೆಯಲ್ಲಿ ಜಾತಿ, ಪಕ್ಷ, ರಸ್ತೆ, ಪಡಿತರ ಎಲ್ಲ ಒಂದೇ ಮುದ್ರೆಯೊಳಗೆ ಸೇರಿರುತ್ತವೆ. ಇಂಧನದ ಪ್ರಶ್ನೆಯೊಂದನ್ನೇ ಅದರಿಂದ ಬೇರ್ಪಡಿಸಿ ತೆಗೆಯಲಾಗದು.

ನಗರದಲ್ಲಿ ಕೂತಿರುವ ನಮ್ಮ ಮಾತಿಗೆ ಬರುತ್ತೇನೆ. 2023ರಿಂದ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ, 200 ಯೂನಿಟ್ ಒಳಗೆ ತಮ್ಮ ಹಿಂದಿನ ಸರಾಸರಿ ಬಳಕೆಗೆ ಅನುಗುಣವಾದ ಮಿತಿ ಮೀರದ ಮನೆಗಳಿಗೆ ಬಿಲ್ಲು ಶೂನ್ಯ. ಬಡವರ ಮನೆಗೆ ಅದು ದೊಡ್ಡ ಆಸರೆ, ನಾನು ಅದನ್ನು ಸಮರ್ಥಿಸುತ್ತೇನೆ. ಆದರೆ ನಮ್ಮ ಮನೆಯ ಸಂಜೆಯ ಕರೆಂಟು ಎಲ್ಲಿಂದ ಬರುತ್ತದೆ ಎಂದು ಕೇಳುವುದನ್ನು ನಾವು ಬಿಟ್ಟುಬಿಟ್ಟಿದ್ದೇವೆ. ಜನ ಸ್ವಾರ್ಥಿಗಳು, ಯಾರೂ ಏನೂ ಬಿಟ್ಟುಕೊಡುವುದಿಲ್ಲ ಎಂಬ ಮಾತು ಇಂಥ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. 125 ದೇಶಗಳಲ್ಲಿ ಸುಮಾರು 1,30,000 ಜನರನ್ನು ಕೇಳಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯದನ್ನೇ ಹೇಳುತ್ತದೆ. ಹವಾಮಾನ ರಕ್ಷಣೆಗಾಗಿ ತಿಂಗಳ ಆದಾಯದ ಶೇ 1ನ್ನು ಕೊಡಲು ಶೇ 69 ಮಂದಿ ಸಿದ್ಧರಿದ್ದರು. ನಿಮ್ಮ ದೇಶದಲ್ಲಿ ಇನ್ನೆಷ್ಟು ಜನ ಹೀಗೆ ಕೊಟ್ಟಾರು ಎಂದಾಗ ಅವರ ಅಂದಾಜು ಸರಾಸರಿ ಶೇ 43 ಮಾತ್ರ. ತಾನು ಸಿದ್ಧ, ಪಕ್ಕದವನು ಸಿದ್ಧನಿಲ್ಲ ಎಂದು ಪ್ರತಿಯೊಬ್ಬನೂ ಅಂದುಕೊಂಡು ಸುಮ್ಮನಿದ್ದಾನೆ. ಈ ಮೌನವನ್ನೇ ಆಳುವವರು ಒಪ್ಪಿಗೆ ಎಂದು ಲೆಕ್ಕ ಹಾಕುತ್ತಾರೆ.

ಆದ್ದರಿಂದ ನನ್ನದೊಂದು ಕೋರಿಕೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ಪರಿಷ್ಕರಣೆಗೆ ಮೊದಲು ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ವಿದ್ಯುತ್ ಸರಬರಾಜು ಕಂಪನಿಗಳ ಅರ್ಜಿಯ ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ, ಆಕ್ಷೇಪಣೆ ಸಲ್ಲಿಸಲು ದಿನಾಂಕ ಕೊಟ್ಟಿರುತ್ತಾರೆ. ಅಲ್ಲಿ ಕೈಗಾರಿಕಾ ಸಂಘಗಳ ವಕೀಲರು ತಪ್ಪದೆ ಹಾಜರಿರುತ್ತಾರೆ, ರೈತಸಂಘದವರೂ ಬರುತ್ತಾರೆ. ನಮ್ಮಂಥ ಮನೆಬಳಕೆದಾರರು ಬೆರಳೆಣಿಕೆ. ಮುಂದಿನ ಬಾರಿ ಆ ಪ್ರಕಟಣೆ ಕಂಡಾಗ ಕತ್ತರಿಸಿ ಇಟ್ಟುಕೊಳ್ಳಿ. ಒಂದೇ ಪುಟ ಸಾಕು, ಕನ್ನಡದಲ್ಲೇ ಬರೆಯಿರಿ. ಪಂಪ್‌ಸೆಟ್‌ಗಳನ್ನು ಯಾವ ವರ್ಷದೊಳಗೆ ಪೂರ್ತಿ ಹಗಲಿಗೆ ತರುತ್ತೀರಿ, ಅದಾದ ಮೇಲೆ ಎಷ್ಟು ಸಂಗ್ರಹ ಬೇಕಾಗುತ್ತದೆ, ಲೆಕ್ಕ ಕೊಡಿ ಎಂದು ಕೇಳಿ. ಈ ಸಭಾಂಗಣದಿಂದ ಹತ್ತು ಪತ್ರ ಹೋದರೂ ಅವು ದಾಖಲೆಗೆ ಸೇರುತ್ತವೆ. ಬರೆಯಲು ನೆರವು ಬೇಕಾದವರು ಸಭೆ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ, ಕೂತು ಬರೆಯೋಣ.