ಮೊದಲು ಪತಿಯ ಪರೀಕ್ಷೆಯಾಗಲಿ

(ಕೋಲಾರದಲ್ಲಿ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣ)



ಮದುವೆಯಾಗಿ ಎರಡು ವರ್ಷ ಕಳೆದರೂ ತೊಟ್ಟಿಲು ತೂಗದಿದ್ದರೆ ನಮ್ಮ ಮನೆಗಳಲ್ಲಿ ವಿಚಾರಣೆ ಆರಂಭವಾಗುವುದು ಸೊಸೆಯಿಂದ. ಆಕೆಗೆ ಸ್ಕ್ಯಾನಿಂಗ್, ಆಕೆಗೆ ಮಾತ್ರೆ, ಆಕೆಗೆ ತಾಯಿತ. ಕೊನೆಗೆ ಎರಡನೆಯ ನಿಕಾಹ್‌ನ ಮಾತು. ಮಗನ ವೀರ್ಯ ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿದರೆ ಆತನ ಪುರುಷತ್ವವನ್ನೇ ಪ್ರಶ್ನಿಸಿದಂತೆ ಸಿಟ್ಟಾಗುತ್ತಾರೆ. ಆದರೆ ಮಕ್ಕಳಿಲ್ಲದ ದಂಪತಿಗಳ ಪೈಕಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಪತಿಯ ಕಡೆಯ ಕಾರಣವೂ ಸೇರಿರುತ್ತದೆ. ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದ ಗಟ್ಟಿಮುಟ್ಟಾದ ಯುವಕನಲ್ಲಿಯೂ ವೀರ್ಯಾಣುಗಳ ಕೊರತೆಯಿರಬಹುದು.

ಪ್ರವಾದಿ ಝಕರಿಯಾ(ಅ)ರನ್ನು ನೆನೆಯಿರಿ. ಸೂರಃ ಮರ್ಯಮ್‌ನಲ್ಲಿ ಸಂತಾನಕ್ಕಾಗಿ ಪ್ರಾರ್ಥಿಸುವಾಗ ಅವರು ಮೊದಲು ಹೇಳಿಕೊಂಡದ್ದು ಸ್ವಂತ ದೌರ್ಬಲ್ಯವನ್ನು. ಪತ್ನಿಯ ವಿಷಯ ಬಂದದ್ದು ನಂತರ.

ಸಾಲ ಮಾಡಿ ಬೆಂಗಳೂರಿಗೆ ಹೋಗಿ ಐವಿಎಫ್ ಮಾಡಿಸಿದರೂ ಈ ಅನ್ಯಾಯ ಮುಗಿಯುವುದಿಲ್ಲ. ಮೂರು ದಿನ ಬೆಳೆದು ಭ್ರೂಣ ನಿಂತುಹೋಯಿತು ಎಂದು ವೈದ್ಯರು ತಿಳಿಸಿದರೆ, ಅವಳ ಅಂಡಾಣುವೇ ಸರಿಯಿಲ್ಲವೆಂದು ಮನೆಯವರು ತೀರ್ಪು ನೀಡುತ್ತಾರೆ. ವಾಸ್ತವ ಬೇರೆಯೇ ಇರಬಹುದು. ಮೊದಲ ಎರಡು ಮೂರು ದಿನ ಭ್ರೂಣವು ಬಹುಮಟ್ಟಿಗೆ ತಾಯಿಯ ಅಂಡಾಣುವಿನಲ್ಲಿ ಕೂಡಿಟ್ಟ ಬುತ್ತಿಯಿಂದಲೇ ಬೆಳೆಯುತ್ತದೆ. ನಾಲ್ಕರಿಂದ ಎಂಟು ಜೀವಕೋಶಗಳಾಗುವ ಹೊತ್ತಿಗೆ ಭ್ರೂಣದ ಸ್ವಂತ ವಂಶವಾಹಿಗಳು ಕೆಲಸ ಆರಂಭಿಸುತ್ತವೆ. ತಂದೆಯ ಪಾಲು ಹೆಚ್ಚಾಗಿ ಪ್ರಕಟವಾಗುವುದು ಅಲ್ಲಿಂದ. ವೀರ್ಯಾಣುವಿನ ಡಿಎನ್‌ಎ ತುಂಡಾಗಿದ್ದರೆ ಅಂಡಾಣು ಅದನ್ನು ಸ್ವಲ್ಪ ಮಟ್ಟಿಗೆ ದುರಸ್ತಿ ಮಾಡುತ್ತದೆ. ಹಾನಿಯು ಅದರ ಶಕ್ತಿಯನ್ನು ಮೀರಿದ್ದರೆ ಐದನೆಯ ದಿನದ ಹಂತ ತಲುಪುವ ಮೊದಲೇ ಬೆಳವಣಿಗೆ ನಿಲ್ಲಬಹುದು, ಇಲ್ಲವೇ ಮುಂದೆ ಗರ್ಭಪಾತವಾಗಬಹುದು. ಪತ್ನಿಯ ವಯಸ್ಸು ಹೆಚ್ಚಾಗಿದ್ದರೆ ಅಂಡಾಣುವೂ ಕಾರಣವಾಗುತ್ತದೆ, ಅದನ್ನು ನಾನು ನಿರಾಕರಿಸುವುದಿಲ್ಲ. 1992ರಲ್ಲಿ ಬೆಳಕಿಗೆ ಬಂದ ಇಕ್ಸಿ ವಿಧಾನದಲ್ಲಿ ಒಂದು ವೀರ್ಯಾಣುವನ್ನು ಸೂಜಿಯ ಮೂಲಕ ಅಂಡಾಣುವಿನೊಳಗೆ ಸೇರಿಸುತ್ತಾರೆ. ಅದು ವೀರ್ಯಾಣುವನ್ನು ಒಳಗೆ ತಲುಪಿಸುತ್ತದೆಯೇ ಹೊರತು ಅದರ ಹಾನಿಯನ್ನು ಸರಿಪಡಿಸುವುದಿಲ್ಲ.

1980ರಲ್ಲಿ ಈಜಿಪ್ಟಿನ ಮುಫ್ತಿ ಜಾದುಲ್ ಹಕ್ ಅವರು ಪತಿ ಪತ್ನಿಯರ ನಡುವೆ ಮಾತ್ರ ಈ ಚಿಕಿತ್ಸೆಯನ್ನು ಅನುಮತಿಸಿ, ಪರಪುರುಷನ ವೀರ್ಯವನ್ನು ನಿಷಿದ್ಧವೆಂದು ಫತ್ವಾ ನೀಡಿದರು. ದಾನಿಯ ದಾರಿ ನಮಗಿಲ್ಲ. ಹೀಗಿರುವಾಗ ಪತಿಯನ್ನು ಪರೀಕ್ಷಿಸದೆ ವರ್ಷಗಳನ್ನು ಕಳೆಯುವುದು ಎಂಥ ವಿವೇಕ?

ವೃಷಣಗಳು ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿದ್ದರೆ ಮಾತ್ರ ವೀರ್ಯಾಣುಗಳು ಸರಿಯಾಗಿ ತಯಾರಾಗುತ್ತವೆ. ಮಾಲೂರಿನ ಇಟ್ಟಿಗೆ ಗೂಡುಗಳ ಮುಂದೆ ದಿನವಿಡೀ ನಿಲ್ಲುವವರು, ಕೋಲಾರದ ಮಂಡಿಯಿಂದ ಟೊಮ್ಯಾಟೊ ಹೇರಿಕೊಂಡು ದೂರದ ರಾಜ್ಯಗಳಿಗೆ ಲಾರಿ ಓಡಿಸುವವರು ತಮ್ಮ ಕೆಲಸವೇನೆಂದು ವೈದ್ಯರಿಗೆ ತಿಳಿಸಬೇಕು. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ, ಮುಳಬಾಗಿಲಿನ ಹೊಲಗಳಲ್ಲಿ ಔಷಧಿ ಹೊಡೆಯುವವರೂ ಅಷ್ಟೇ. ಅಮೆರಿಕದ ಕ್ಯಾಲಿಫೋರ್ನಿಯಾದ ಲ್ಯಾಥ್ರಾಪ್ ಎಂಬಲ್ಲಿ ಡಿಬಿಸಿಪಿ ಎಂಬ ಕೃಷಿ ವಿಷವನ್ನು ತಯಾರಿಸುತ್ತಿದ್ದ ಕಾರ್ಮಿಕರಿಗೆ ಮಕ್ಕಳಾಗುತ್ತಿರಲಿಲ್ಲ. 1977ರಲ್ಲಿ ಪರೀಕ್ಷಿಸಿದಾಗ ಹಲವರ ವೀರ್ಯದಲ್ಲಿ ವೀರ್ಯಾಣುಗಳೇ ಇರಲಿಲ್ಲ. ಅವರ ಪತ್ನಿಯರಿಗೆ ಎಷ್ಟು ಮಾತ್ರೆ ನುಂಗಿಸಿದ್ದರೆ ಏನಾಗುತ್ತಿತ್ತು? ಬೀಡಿ, ಗುಟ್ಕಾಗಳ ಹಾನಿ ನಿಮಗೆ ಗೊತ್ತೇ ಇದೆ. ಮೈಕಟ್ಟಿಗಾಗಿ ಜಿಮ್‌ಗಳಲ್ಲಿ ಟೆಸ್ಟೊಸ್ಟೆರಾನ್ ಚುಚ್ಚಿಸಿಕೊಳ್ಳುವ ತರುಣರಿಗೆ ಮಾತ್ರ ಒಂದು ಮಾತು: ಅದು ವೀರ್ಯಾಣುಗಳ ಉತ್ಪಾದನೆಯನ್ನೇ ನಿಲ್ಲಿಸಬಲ್ಲದು.

ಪರೀಕ್ಷೆ ಸರಳ. ಎರಡರಿಂದ ಏಳು ದಿನಗಳ ಸಂಯಮದ ಬಳಿಕ ಮಾದರಿ ಕೊಡಬೇಕು. ವರದಿಯಲ್ಲಿ ದೋಷ ಕಂಡರೆ ಮತ್ತೊಮ್ಮೆ ಮಾಡಿಸಬೇಕು. ನೂರರಲ್ಲಿ ನಾಲ್ಕೇ ವೀರ್ಯಾಣುಗಳು ಸರಿಯಾದ ಆಕಾರದಲ್ಲಿವೆ ಎಂದು ಓದಿ ಗಾಬರಿಯಾಗಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕನಿಷ್ಠ ಮಟ್ಟವೇ ಅಷ್ಟು. ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಆದ್ದರಿಂದ ಇಂದು ಬೀಡಿ ಬಿಟ್ಟವನು ಫಲ ಕಾಣಲು ಮೂರು ತಿಂಗಳು ಕಾಯಬೇಕು. ವೀರ್ಯದಲ್ಲಿ ವೀರ್ಯಾಣುವೇ ಇಲ್ಲದಿದ್ದರೂ ಕೆಲವರಿಗೆ ವೃಷಣದಿಂದಲೇ ಅದನ್ನು ತೆಗೆದು ಚಿಕಿತ್ಸೆ ನೀಡಲು ಸಾಧ್ಯವಿದೆ. 2021ರ ಕೇಂದ್ರ ಕಾನೂನಿನ ಪ್ರಕಾರ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಆಸ್ಪತ್ರೆಯೂ ಈ ಚಿಕಿತ್ಸೆ ಮಾಡುವಂತಿಲ್ಲ. ಸಹಿ ಹಾಕುವ ಮೊದಲು, ಬಳಸುವುದು ಯಾರ ವೀರ್ಯವೆಂದು ಆ ಕಾಗದದಲ್ಲಿ ಬರೆದಿರುವುದನ್ನು ಇಬ್ಬರೂ ಓದಿ ನೋಡಿ.