ಸಾತಳ್ಳಿಯ ಪರಂಗಿ ಸ್ವಾಮಿ
(ಭಾಷಣದ ಲೇಖನ ರೂಪ)

ಗಾಂಧಿ ಬಜಾರಿನಲ್ಲಿ ವಯಸ್ಸಾದವರು ಇಂದಿಗೂ ಪಪ್ಪಾಯಿಯನ್ನು ಪರಂಗಿ ಹಣ್ಣು ಎಂದೇ ಕೇಳುತ್ತಾರೆ. ಹಡಗಿನಲ್ಲಿ ಬಂದ ಹಣ್ಣಿಗೆ ಹಡಗಿನಲ್ಲಿ ಬಂದವರ ಹೆಸರು. ಹಣ್ಣಿಗೆ ಈ ಹೆಸರು ಹಿತವಾಗಿಯೇ ಇದೆ. ಆದರೆ ಇನ್ನೂರು ವರ್ಷಗಳ ಹಿಂದೆ ಮೈಸೂರು ಸೀಮೆಯ ಹಳ್ಳಿಯಲ್ಲಿ ಒಬ್ಬ ಮನುಷ್ಯನನ್ನು ಪರಂಗಿ ಎಂದರೆ ಅದು ಬೈಗುಳ. ದನದ ಮಾಂಸ ತಿನ್ನುವವನು, ಕುಡಿಯುವವನು, ಮಡಿ ಮೈಲಿಗೆಯ ಗೊಡವೆ ಇಲ್ಲದವನು ಎಂದರ್ಥ. ಜಗಲಿಯಿಂದಾಚೆ ಅವನಿಗೆ ಜಾಗವಿರಲಿಲ್ಲ.

ಈ ಹೆಸರಿನಿಂದ ಪಾರಾಗಲು ಬಹುಕಾಲ ಹೆಣಗಿದ ಒಬ್ಬ ವಿದೇಶಿಯರ ಕಥೆ ಇದು. ಜಾನ್ ಆಂಟ್ವಾನ್ ದ್ಯುಬ್ವಾ ಎಂಬುದು ಅವರ ಹೆಸರು. ನಮ್ಮಲ್ಲಿ ಅಬ್ಬೆ ಡುಬಾಯ್ ಎಂದು ಓದುವುದೇ ರೂಢಿ. (ಅಬ್ಬೆ ಎಂದರೆ ಕನ್ನಡಿಗರಿಗೆ ತಾಯಿ, ಫ್ರೆಂಚರಿಗೆ ಪಾದ್ರಿ!) ಫ್ರಾನ್ಸಿನಲ್ಲಿ ಕ್ರಾಂತಿಯ ಬೆಂಕಿ ಹತ್ತಿ ಉರಿಯುತ್ತಿದ್ದ 1792ರಲ್ಲಿ ಪಾದ್ರಿಯ ದೀಕ್ಷೆ ಪಡೆದು, ಅದೇ ವರ್ಷ ಹಡಗು ಹತ್ತಿದರು. ಅಲ್ಲೇ ಉಳಿದಿದ್ದರೆ ತಲೆ ಉಳಿಯುತ್ತಿತ್ತೋ ಇಲ್ಲವೋ. ಮೊದಲು ಪಾಂಡಿಚೇರಿ ಮತ್ತು ತಮಿಳು ಸೀಮೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆ. ಟಿಪ್ಪುವಿನ ಕಾಲದಲ್ಲಿ ಬಲವಂತದಿಂದ ಮುಸ್ಲಿಮರಾಗಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸುವುದು ಅವರಿಗೆ ಬಂದ ಕೆಲಸ.

ಅವರು ಬದುಕಿದ ರೀತಿ ನೋಡಿ. ಬಿಳಿ ಬಟ್ಟೆ, ತಲೆಗೆ ರುಮಾಲು, ಕೈಯಲ್ಲಿ ಕೋಲು. ಮಾಂಸ ಬಿಟ್ಟರು. ಊರಿನವರ ಆಚಾರಗಳು ತಮಗೆ ಒಪ್ಪಿಗೆಯಾಗದಿದ್ದರೂ ಮುಖ ಸಿಂಡರಿಸಲಿಲ್ಲ. ಹಾಗೆ ನಡೆದುಕೊಂಡಿದ್ದರಿಂದಲೇ ಎಲ್ಲ ಜಾತಿಯ ಜನರೂ ತಮ್ಮನ್ನು ಹತ್ತಿರ ಬಿಟ್ಟುಕೊಂಡರೆಂದು ಅವರೇ ಬರೆದಿದ್ದಾರೆ. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಇದು ಅವರು ಹೊಸದಾಗಿ ಕಂಡುಕೊಂಡ ಉಪಾಯವೇನಲ್ಲ. ಹದಿನೇಳನೇ ಶತಮಾನದಲ್ಲೇ ಜೆಸ್ಯುಯಿಟರು ಶ್ರೀರಂಗಪಟ್ಟಣದಲ್ಲಿ ಸನ್ಯಾಸಿಗಳ ಉಡುಗೆ ತೊಟ್ಟು ಓಡಾಡಿದ್ದುಂಟು.

ಹಾಸನದ ಹತ್ತಿರದ ಸಾತಳ್ಳಿಯಲ್ಲಿ ದಿಕ್ಕಿಲ್ಲದ ಕುಟುಂಬಗಳನ್ನು ಸೇರಿಸಿ ಬೇಸಾಯದ ನೆಲೆ ಕಟ್ಟಿದರು. ಅದಕ್ಕಿಂತ ಕಷ್ಟದ ಕೆಲಸ ಸಿಡುಬಿನ ಲಸಿಕೆ. ಸಿಡುಬು ಬಂದರೆ ಅಮ್ಮ ಬಂದಿದ್ದಾಳೆ ಎನ್ನುವ ನಾಡು ಇದು. ಮಾರಮ್ಮನಿಗೆ ತಂಪು ಮಾಡಬೇಕೇ ಹೊರತು ಸೂಜಿ ಚುಚ್ಚಬಾರದು. ಇನ್ನೊಂದು ತೊಡಕೂ ಇತ್ತು. ಆಗ ಲಸಿಕೆ ಬಾಟಲಿಯಲ್ಲಿ ಬರುತ್ತಿರಲಿಲ್ಲ. ಲಸಿಕೆ ಹಾಕಿದ ಮಗುವಿನ ತೋಳಿನಲ್ಲಿ ಎದ್ದ ಬೊಕ್ಕೆಯ ರಸವನ್ನು ತೆಗೆದು ಮುಂದಿನ ಮಗುವಿನ ತೋಳಿಗೆ ಹಾಕಬೇಕು. ಯಾವ ಜಾತಿಯ ಮಗುವಿನ ರಸ ಯಾವ ಜಾತಿಯ ಮಗುವಿಗೆ? ಈ ಪ್ರಶ್ನೆಗೆ ಮನೆಮನೆಯಲ್ಲೂ ಉತ್ತರ ಕೊಡಬೇಕು. ಬರೀ ಸರ್ಕಾರದ ಹುಕುಂ ಸಾಲದು, ನಂಬಿಕೆಯ ಮನುಷ್ಯ ಬೇಕು. 1803-04ರ ಕೆಲವೇ ತಿಂಗಳಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದ ಲೆಕ್ಕ ಅವರದು. ಲಸಿಕೆ ಭಾರತಕ್ಕೆ ಬಂದದ್ದೇ 1802ರಲ್ಲಿ.

ಇಷ್ಟು ಸಾಧಿಸಿದವರು ತಮ್ಮ ಮೂಲ ಕಸುಬಿನಲ್ಲಿ ಸೋತೆನೆಂದು ತಾವೇ ಒಪ್ಪಿಕೊಂಡರು. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಪತ್ರಗಳಲ್ಲಿ, ಇಪ್ಪತ್ತೈದು ವರ್ಷ ದುಡಿದು ತಾವು ಮತಕ್ಕೆ ತಂದವರು ಇನ್ನೂರು ಮುನ್ನೂರು ಮಂದಿ ಮಾತ್ರ, ಹಿಂದೂಗಳ ಮತಾಂತರ ಆಗದ ಮಾತು ಎಂದು ಬರೆದರು. ಪ್ರಾಟೆಸ್ಟೆಂಟ್ ಮಿಷನರಿಗಳು ಕೆರಳಿ ಮರುವರ್ಷವೇ ಪ್ರತಿಯಾಗಿ ಪುಸ್ತಕ ಬರೆದರು.

ಆದರೆ ಅವರ ಹೆಸರು ಉಳಿದಿರುವುದು ಇನ್ನೊಂದು ಪುಸ್ತಕದಿಂದ. ಹಿಂದೂಗಳ ಆಚಾರ, ನಡವಳಿಕೆ, ವಿಧಿಗಳನ್ನು ಕುರಿತ ಆ ಹಸ್ತಪ್ರತಿಯನ್ನು ಮೈಸೂರಿನಲ್ಲಿದ್ದ ಮೇಜರ್ ವಿಲ್ಕ್ಸ್ ಶಿಫಾರಸು ಮಾಡಿದ ಮೇಲೆ ಕಂಪನಿ ಸರ್ಕಾರ 2000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಇಂಗ್ಲಿಷಿಗೆ ಬಂತು. ಬ್ರಾಹ್ಮಣರ ಬಗ್ಗೆ ಅದರಲ್ಲಿರುವ ಕಟು ಮಾತುಗಳಿಂದ ಬಸವನಗುಡಿ, ಮಲ್ಲೇಶ್ವರಗಳ ಓದುಗರ ಹುಬ್ಬು ಗಂಟಿಕ್ಕಿದರೆ ಅಚ್ಚರಿಯಿಲ್ಲ. ಆ ಮಾತುಗಳನ್ನು ನಂಬಿದವರು ಕೊಟ್ಟ ಕಾರಣ ಒಂದೇ: ಜನರ ನಡುವೆ ಮೂವತ್ತೊಂದು ವರ್ಷ ಬದುಕಿದವರಲ್ಲವೇ, ಕಣ್ಣಾರೆ ಕಂಡದ್ದಲ್ಲವೇ?

ಕಣ್ಣಾರೆ ಕಂಡದ್ದೆಲ್ಲ ಅಲ್ಲ. 1987ರಲ್ಲಿ ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದ್ವಾಂಸೆ ಇದನ್ನು ತೋರಿಸಿಕೊಟ್ಟರು. ಪಾಂಡಿಚೇರಿಯ ಜೆಸ್ಯುಯಿಟ್ ಪಾದ್ರಿ ಕುರ್ದೂ 1770ರ ದಶಕದಲ್ಲಿ ಬರೆದಿಟ್ಟಿದ್ದ ಗ್ರಂಥದಿಂದ ಪುಸ್ತಕದ ಬಹುಭಾಗ ಬಂದಿತ್ತು. ಕುರ್ದೂ ಹೆಸರು ಮಾತ್ರ ಬಂದಿರಲಿಲ್ಲ. ಅಂದರೆ ಮೈಸೂರಿನ ಹಳ್ಳಿಯ ಸಾಕ್ಷ್ಯವೆಂದು ಜನ ಓದಿದ್ದರಲ್ಲಿ ಬಹಳಷ್ಟು, ಒಂದು ತಲೆಮಾರು ಹಿಂದೆ ಬೇರೊಬ್ಬರು ಕಡಲ ಕರೆಯಲ್ಲಿ ಬರೆದದ್ದು. ಹಳ್ಳಿಯಲ್ಲಿ ಮಾಂಸ ಬಿಟ್ಟು, ರುಮಾಲು ಸುತ್ತಿ ಗಳಿಸಿದ ನಂಬಿಕೆ, ಕಾಣದ ಸಂಗತಿಗಳಿಗೂ ಜಾಮೀನು ನಿಂತಿತ್ತು. ಕದ್ದ ಪುಸ್ತಕ ಎಂದು ತಳ್ಳಿಹಾಕುವುದು ಸುಲಭ. ಹಾಗೆಂದು ಲಸಿಕೆಯ ಲೆಕ್ಕವನ್ನೂ ಸಾತಳ್ಳಿಯನ್ನೂ ಅದರ ಜೊತೆಗೆ ತಳ್ಳಲಾಗದು. ಅವು ಯಾರಿಂದಲೂ ನಕಲು ಮಾಡಿದವಲ್ಲ.

1823ರ ಜನವರಿಯಲ್ಲಿ ದ್ಯುಬ್ವಾ ಊರಿಗೆ ಹೊರಟರು. ಹಡಗಿನ ಖರ್ಚನ್ನೂ ಪಿಂಚಣಿಯನ್ನೂ ಕಂಪನಿಯೇ ಕೊಟ್ಟಿತು. 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಳ್ಳುವವರೆಗೆ ಮತ್ತೆ ಈ ಕಡೆ ಬರಲಿಲ್ಲ. ಅಲ್ಲಿ 1826ರಲ್ಲಿ ಅವರು ಪಂಚತಂತ್ರದ ಫ್ರೆಂಚ್ ಅನುವಾದ ಅಚ್ಚು ಹಾಕಿಸಿದರು. ಅದಕ್ಕೆ ಬಳಸಿದ್ದು ಇಲ್ಲಿನ ಮೂರು ಪ್ರತಿಗಳು: ಒಂದು ತಮಿಳು, ಒಂದು ತೆಲುಗು, ಒಂದು ಕನ್ನಡ. ಈ ಸಲ ಎಲ್ಲಿಂದ ತಂದದ್ದೆಂದು ಹೇಳಿದ್ದರು.