ಠರಾವು ಕಾಯುವವರು ಯಾರು?

(ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಾವು ಬೀದಿಗಿಳಿದು ಘೋಷಣೆ ಕೂಗೋದನ್ನ ಕಲಿತಿದ್ದೇವೆ. ಪಂಚಾಯ್ತಿಯ ಕಡತ ಬಿಚ್ಚಿ ಓದೋದನ್ನ ಇನ್ನೂ ಕಲಿಯಬೇಕಾಗಿದೆ. ಇವತ್ತು ಆ ಮಾತು.

ಬಾಬಾಸಾಹೇಬರ ಮಹಾಡ ಹೋರಾಟ ನಿಮಗೆ ಗೊತ್ತು. ಅದರ ಹಿಂದೆ ಒಂದು ಠರಾವು ಇತ್ತು ಅನ್ನೋದನ್ನ ನೆನಪಿಡ್ರಿ. ಚೌದಾರ ಕೆರೆ ಅಸ್ಪೃಶ್ಯರಿಗೂ ಮುಕ್ತ ಅಂತ ಮಹಾಡದ ಮುನ್ಸಿಪಾಲಿಟಿ 1924ರಲ್ಲೇ ಠರಾವು ಮಾಡಿತ್ತು. ಠರಾವು ಕಡತದಲ್ಲಿ, ನೀರು ಸವರ್ಣರ ಕೊಡದಲ್ಲಿ! 1927ರ ಮಾರ್ಚಿನಲ್ಲಿ ನಮ್ಮವರು ಆ ನೀರು ಕುಡಿದರು, ಪೆಟ್ಟು ತಿಂದರು. ಅದೇ ಆಗಸ್ಟಿನಲ್ಲಿ ಮುನ್ಸಿಪಾಲಿಟಿ ತನ್ನ ಠರಾವನ್ನೇ ರದ್ದು ಮಾಡಿತು. ಕಾಯುವವರಿಲ್ಲದ ಠರಾವು ಬರೀ ಶಾಯಿ.

ಈಗ ಕಾಯುವ ಕೆಲಸಕ್ಕೆ ಕಾನೂನೇ ಸಮಿತಿ ಕೊಟ್ಟಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಸಾಮಾಜಿಕ ನ್ಯಾಯ ಸಮಿತಿ ಇರಬೇಕು. ಪಂಚಾಯ್ತಿ ಉಪಾಧ್ಯಕ್ಷರೇ ಅದರ ಅಧ್ಯಕ್ಷರು. ಮೂರರಿಂದ ಐದು ಸದಸ್ಯರು. ಅವರಲ್ಲಿ ಒಬ್ಬ ಮಹಿಳೆ, ಪರಿಶಿಷ್ಟ ಜಾತಿ ಇಲ್ಲವೆ ಪಂಗಡದ ಒಬ್ಬರು ಇರಲೇಬೇಕು. ನಮ್ಮ ಜನರ ಹಿತ ಕಾಯೋದು, ಶೋಷಣೆ ತಡೆಯೋದು ಅದರ ಕೆಲಸ. ಊರಿಗೆ ಹೋದಾಗ ಕೇಳ್ರಿ: ಆ ಸಮಿತಿ ಕಡೇ ಸಲ ಸೇರಿದ್ದು ಯಾವಾಗ? ನಡಾವಳಿ ಪುಸ್ತಕದಾಗ ಏನು ಬರದಾರ? ನಮ್ಮವರ ಸಹಿ ಇದ್ದರೆ, ಅದು ಓದಿ ಹಾಕಿದ್ದೋ, ಹಾಕಿಸಿಕೊಂಡದ್ದೋ?

ತಾಲ್ಲೂಕು, ಜಿಲ್ಲಾ ಪಂಚಾಯ್ತಿಗೂ ಇಂಥ ಸಮಿತಿ ಉಂಟು. ಖರ್ಚು ನೋಡಲು ಹಣಕಾಸು, ಲೆಕ್ಕ ಪರಿಶೋಧನೆ ಸಮಿತಿ ಬೇರೆ. ಆದರೆ 2021ರಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಸದಸ್ಯರಿಲ್ಲ ಅಂದಮೇಲೆ ಸಮಿತಿ ಎಲ್ಲಿಂದ ಬರಬೇಕು? ಖರ್ಚು ಮಾಡುವವನೂ ಅಧಿಕಾರಿ, ಸರಿ ಅನ್ನುವವನೂ ಅಧಿಕಾರಿ. ಮೀಸಲು ಕ್ಷೇತ್ರದಿಂದ ಗೆದ್ದು ಬರಬೇಕಾದ ನಮ್ಮ ಹೆಣ್ಣುಮಕ್ಕಳ ಕುರ್ಚಿ ಖಾಲಿ.

ಪಟ್ಟಣದಲ್ಲಿ ಕೇಳಬೇಕಾದ್ದು ಶೇಕಡ 24.10ರ ಲೆಕ್ಕ. ಪೌರಸಂಸ್ಥೆಗಳ ಹಣದಲ್ಲಿ ಪರಿಶಿಷ್ಟರಿಗೆ ಮೀಸಲಿಡಲು ಗೊತ್ತುಮಾಡಿದ ಪಾಲು ಅದು. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಪರಿಶಿಷ್ಟ ಜಾತಿ ಶೇ. 17.15, ಪಂಗಡ ಶೇ. 6.95. ಕೂಡಿಸಿ ನೋಡ್ರಿ. ಭಿಕ್ಷೆ ಅಲ್ಲ, ನಮ್ಮ ತಲೆ ಎಣಿಕೆಯ ಪಾಲು. ಆ ದುಡ್ಡಿನ ಗಟಾರ ನಮ್ಮ ಕೇರಿಯೊಳಗೆ ಹರಿಯುತ್ತದೋ, ಇನ್ನೊಬ್ಬರ ಓಣಿಯಲ್ಲೋ? ಪಟ್ಟಿಯಲ್ಲಿ ಹೆಸರು ಬಿಟ್ಟುಹೋದರೆ ಏನಾಗುತ್ತದೆ ಅಂತ ಬೀಳಗಿಯ ಮುಳುಗಡೆ ಊರಿನವರಿಗೆ ನಾವು ಹೇಳಿಕೊಡಬೇಕಿಲ್ಲ.

ಕೈಯಲ್ಲಿ ಎರಡು ಹತಾರ ಇವೆ. ಒಂದು, ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯ್ತಿ ಹಿಂದಿನ ವರ್ಷದ ಲೆಕ್ಕ, ಕಾಮಗಾರಿ ಎರಡನ್ನೂ ಜನರ ಮುಂದಿಡಬೇಕು. ಎರಡು, 2005ರ ಮಾಹಿತಿ ಹಕ್ಕು ಕಾಯ್ದೆ. ಹತ್ತು ರೂಪಾಯಿ ಅರ್ಜಿ, 30 ದಿನದೊಳಗೆ ಉತ್ತರ.

ಅವ್ವ ಅಪ್ಪ ಹೆಬ್ಬೆಟ್ಟು ಒತ್ತಿದ ಪುಸ್ತಕವನ್ನ ಓದಬಲ್ಲವರು ನೀವು. ಒಬ್ಬೊಬ್ಬರೇ ಹೋಗಬ್ಯಾಡ್ರಿ, ಐದಾರು ಮಂದಿ ಕೂಡಿ ಹೋಗ್ರಿ. ಕೇಳಿದ್ದನ್ನ ಬರಕೊಳ್ಳಿ, ಕೇರಿಯಲ್ಲಿ ಕುಳಿತು ಎಲ್ಲರಿಗೂ ಓದಿ ಹೇಳ್ರಿ. ಅಲ್ಲಿಂದ ಮುಂದಿನ ಹೋರಾಟ ತಾನೇ ಹುಟ್ಟುತ್ತದೆ.

ಜೈ ಭೀಮ್.